ಕೊಟ್ರಪ್ಪನವರು ಕೈ ತೋರಿಸಿದ ದಿಕ್ಕು

ಬಾಗಲಗುಂಟೆಯ ನಮ್ಮ ಬೀದಿಗೆ ಬಂದ ಗಂಡಾಂತರಕ್ಕೆಲ್ಲ ಮೂಲ ಒಂದು ಮೈಕು. ಅದನ್ನು ಕೊಟ್ರಪ್ಪನವರ ಕೈಗೆ ಕೊಟ್ಟವರು ಯಾರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾದರೆ ವಿಚಾರಿಸಿಕೊಳ್ಳೋಣವೆಂದು ಬೀದಿಯ ಹೆಂಗಸರು ಕಾಯುತ್ತಿದ್ದಾರೆ.

ಕೊಟ್ರಪ್ಪನವರು ಕೊಟ್ಟೂರಿನ ಕಡೆಯವರು. ಪೀಣ್ಯದಲ್ಲಿ ಯಂತ್ರಗಳ ಹಲ್ಲುಚಕ್ರ, ಅಂದರೆ ಗಿಯರು, ಮಾಡುವ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರು. ಇನ್ಸ್‌ಪೆಕ್ಟರು ಎಂದ ಕೂಡಲೇ ಲಾಠಿ, ಮೀಸೆ ಎಂದು ನೀವು ಹೆದರಬೇಡಿ. ಹೆದರುವ ಕೆಲಸವನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ತಯಾರಾಗಿ ಬಂದ ಗಿಯರುಗಳನ್ನು ಅಳೆದು, ಸರಿಯಿದ್ದರೆ ಹಸಿರು ಬಣ್ಣ, ಕೆಟ್ಟಿದ್ದರೆ ಕೆಂಪು ಬಣ್ಣ ಬಳಿದು, ಕೆಳಗೆ ತಮ್ಮ ಪುಟ್ಟ ಸಹಿ ಹಾಕುವುದು ಅವರ ಉದ್ಯೋಗ. ಕೆಂಪು ಬಿದ್ದ ಮಾಲು ಕಾರ್ಖಾನೆಯ ಹಿಂದಿನ ತಂತಿಬೇಲಿಯೊಳಗೆ ಹೋಗಿ ಬೀಳುತ್ತದೆ. ಒಳಗೆ ಹೋದ ಒಂದೇ ಒಂದು ಗಿಯರು ಮರ್ಯಾದೆಯಿಂದ ಹೊರಗೆ ಬಂದದ್ದನ್ನು ಅವರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ಹಾಗಾಗಿ ಕೆಂಪು ಬಣ್ಣವೆಂದರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು. ಸಂತೆಯಲ್ಲಿ ಹಣ್ಣಾದ ಟೊಮೆಟೊ ಬಿಟ್ಟು ಹಸಿರು ಕಾಯಿಯನ್ನೇ ಆರಿಸಿ ತರುತ್ತಾರೆಂದು ಅವರ ಹೆಂಡತಿ ಲಕ್ಷ್ಮವ್ವನ ದೂರು.

ನಮ್ಮ ಬೀದಿ ಹಿಂದೊಮ್ಮೆ ಚಿಕ್ಕಬೈರಪ್ಪನ ರಾಗಿ ಹೊಲವಾಗಿತ್ತು. ಅವನು ಅದನ್ನು ಸೈಟು ಮಾಡಿ ಮಾರಿದ. ಕೊಂಡವರು ಸಾಲ ಸೋಲ ಮಾಡಿ ಮನೆ ಕಟ್ಟಿದರು. ಮನೆಗಳು ಎದ್ದವು, ಕರೆಂಟು ಬಂತು, ನೀರು ಮಾತ್ರ ಬರಲಿಲ್ಲ. ಇಡೀ ಬೀದಿಗೆ ಚಿಕ್ಕಬೈರಪ್ಪನ ಬೋರ್‌ವೆಲ್ಲೇ ಗತಿ. ಬೆಳಿಗ್ಗೆ ಕರೆಂಟು ಇದ್ದಾಗ, ಅವನ ಮನಸ್ಸೂ ಸರಿಯಿದ್ದಾಗ, ಕೊಡಕ್ಕಿಷ್ಟೆಂದು ಕಾಸು ಕೊಟ್ಟು ಹಿಡಿದುಕೊಳ್ಳಬೇಕು. ಲಕ್ಷ್ಮವ್ವ ಮನೆ ಕಟ್ಟುವಾಗ ಗೋಡೆಗಳು ಗಟ್ಟಿಯಾಗಲೆಂದು ಅಲ್ಲಿಂದಲೇ ಕೊಡ ಹೊತ್ತು ತಂದು ನೀರು ಹೊಡೆದವಳು. ಮನೆಗೊಂದು ನಲ್ಲಿ ಹಾಕಿಸಿಕೊಡುತ್ತೇನೆಂದು ಕೊಟ್ರಪ್ಪನವರು ಆಕೆಗೆ ಮಾತು ಕೊಟ್ಟು, ಅದಕ್ಕೆಂದೇ ಬೀದಿಯ ಸಂಘದ ಕಾರ್ಯದರ್ಶಿಯಾಗಿ, ಆಫೀಸು ಆಫೀಸು ಸುತ್ತಿ ಸುಸ್ತಾಗಿದ್ದರು.

ಆಗ ತೊಂಬತ್ತಾರರ ಸುಮಾರು. ಪಟ್ಟಣದೊಳಗೆ ಲೈವ್ ಬ್ಯಾಂಡ್ ಬಾರುಗಳು ಜಾಸ್ತಿಯಾಗಿದ್ದವು. ಸಂಜೆಯಾದರೆ ಬಣ್ಣದ ದೀಪ, ಹಾಡು, ಕುಣಿತ. ಪಕ್ಕದ ಮನೆಯಲ್ಲಿ ಮಕ್ಕಳಿಗೆ ಪರೀಕ್ಷೆ. ಇವನ್ನೆಲ್ಲ ಕಿತ್ತು ಊರಿನ ಒಂದು ಮೂಲೆಗೆ ಹಾಕಬೇಕು, ಅಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ ಎಂಬ ಮಾತು ಎದ್ದಿತು. ಜನರ ಅಭಿಪ್ರಾಯ ಕೇಳಲು ಅಧಿಕಾರಿಗಳು ಬಡಾವಣೆ ಬಡಾವಣೆಗೆ ಹೊರಟರು. ನಮ್ಮ ಕಡೆಯವರಿಗೆ ದಾಸರಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಸಭೆ. ಕೊಟ್ರಪ್ಪನವರು ನೀರಿನ ವಿಷಯ ಎತ್ತೋಣವೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಮೈಕು ಕೈಗೆ ಬಂದ ಕೂಡಲೇ ನೀರು ಮರೆತುಹೋಯಿತು.

"ಮಾನ್ಯ ಅಧಿಕಾರಿಗಳೇ," ಎಂದರು ಕೊಟ್ರಪ್ಪನವರು. ಅವರ ಧ್ವನಿ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿ ಅವರಿಗೇ ರೋಮಾಂಚನವಾಯಿತು. "ನಮ್ಮ ಫ್ಯಾಕ್ಟರಿಯೊಳಗ ಕೆಟ್ಟ ಮಾಲು, ಚಲೋ ಮಾಲು ಒಂದ ಕಡೆ ಇಡಂಗಿಲ್ರಿ. ಇಟ್ರ ಚಲೋ ಮಾಲಿನ ಮ್ಯಾಲೂ ಸಂಶಯ ಬರ್ತೈತಿ. ಕೆಟ್ಟ ಮಾಲಿಗೆ ಬ್ಯಾರೆ ಜಾಗ ಮಾಡೀವಿ, ಸುತ್ತ ಬೇಲಿ ಹಾಕೀವಿ. ಊರಿಗೂ ಅಂಥಾದ್ದೊಂದು ಜಾಗ ಬೇಕ್ರಿ! ಕುಡಿಯೋರು, ಕುಣಿಯೋರು, ಕುಣಿಸೋರು ಎಲ್ಲಾರೂ ಅಲ್ಲೇ ಬಿದ್ದಿರ್ಲಿ!"

ಚಪ್ಪಾಳೆ ಬಿತ್ತು. ಹಿಂದೆ ಯಾರೋ ಶಿಳ್ಳೆ ಕೂಡ ಹೊಡೆದರು. ಅಧಿಕಾರಿ ಕನ್ನಡಕ ತೆಗೆದು, "ವೆರಿ ಗುಡ್. ಅಂಥ ಜಾಗ ಎಲ್ಲಿ ಮಾಡಬಹುದು ಅಂತೀರಾ?" ಎಂದು ಕೇಳಿದರು.

ಕೊಟ್ರಪ್ಪನವರು ಅಷ್ಟು ದೂರ ಯೋಚಿಸಿರಲಿಲ್ಲ. ಆದರೆ ಚಪ್ಪಾಳೆ ಬಿದ್ದ ಮೇಲೆ ಗೊತ್ತಿಲ್ಲ ಎನ್ನಲಾಗುತ್ತದೆಯೆ? ಬಲಗೈಯನ್ನು ಉದ್ದಕ್ಕೆ ಚಾಚಿ, ಮಂಟಪದ ಬಾಗಿಲಿನಾಚೆಗೆ ತೋರಿಸಿ, "ಹಿಂಗ... ಹೊರಗ ಸರ್. ಊರ ಹೊರಗ ಜಾಗಕ್ಕೇನು ಬರ ಐತ್ರಿ!" ಎಂದರು. ಅಧಿಕಾರಿ ಆ ಕೈಯನ್ನು ನೋಡಿದರು, ಬಾಗಿಲನ್ನು ನೋಡಿದರು, ಪಕ್ಕದಲ್ಲಿದ್ದ ಗುಮಾಸ್ತರ ಕಿವಿಯಲ್ಲಿ ಏನೋ ಹೇಳಿದರು. ಕೊಟ್ರಪ್ಪನವರು ತೇಲುತ್ತಾ ಹೊರಗೆ ಬಂದರು.

ಅವರ ಜೊತೆಯಲ್ಲಿ ಪಕ್ಕದ ಮನೆಯ ಹನುಮಂತಯ್ಯನವರಿದ್ದರು. ಇವರು ತುಮಕೂರಿನ ಕಡೆ ಪೋಸ್ಟ್‌ಮಾಸ್ಟರಾಗಿದ್ದು ನಿವೃತ್ತರಾದವರು. ಯಾವ ಊರು ಯಾವ ದಿಕ್ಕಿಗಿದೆ ಎಂಬುದನ್ನು ನಿದ್ದೆಯಲ್ಲೂ ಹೇಳಬಲ್ಲವರು. ಮನೆಯ ಗೇಟು ತೆಗೆಯುವಾಗ ಕೇಳಿದರು:

"ಅಲ್ಲಾ ಕೊಟ್ರಪ್ನೋರೆ, ಆ ಮಂಟಪದ ಬಾಗಿಲು ಯಾವ ಕಡೆಗಿದೆ ಹೇಳಿ?"

"ಯಾವ ಕಡಿಗ್ರಿ?"

"ನಮ್ಮ ಬೀದಿ ಕಡೆಗೆ ಕಣ್ರೀ. ನೀವು ಕೈ ಚಾಚಿದ್ದು ನೇರ ನಿಮ್ಮ ಮನೆಗೇ."

ಕೊಟ್ರಪ್ಪನವರ ಕೈ ತಾನಾಗಿಯೇ ಜೇಬಿನೊಳಗೆ ಹೋಯಿತು. ಆ ರಾತ್ರಿ ಅವರಿಗೆ ರೊಟ್ಟಿ ಸೇರಲಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಹೆದರಿದವನಿಗೆ ಏನೂ ಆಗದಿರುವುದೇ ದೊಡ್ಡ ಹಿಂಸೆ. ಆಮೇಲೆ ಒಂದು ಸೋಮವಾರ ಅವರು ಮೊದಲನೇ ಪಾಳಿ ಮುಗಿಸಿ ಬಂದಾಗ ಕಾಂಪೌಂಡು ಗೋಡೆಯ ಮೇಲೆ ಅಂಗೈಯಗಲದ ಕೆಂಪು ಬಣ್ಣದ ಪಟ್ಟೆ ಹಸಿಹಸಿಯಾಗಿ ಕೂತಿತ್ತು. ಹನುಮಂತಯ್ಯನವರ ಗೋಡೆಗೂ ಕೆಂಪು. ಅದರಾಚೆಗೂ ಕೆಂಪು. ಇಡೀ ಸಾಲು ಕೆಂಪು. ಎದುರಿಗೆ ಚಿಕ್ಕಬೈರಪ್ಪನ ಎರಡಂತಸ್ತಿನ ಮನೆಗೆ ಮಾತ್ರ ಹಸಿರು.

ಬೇರೆ ಯಾರೇ ಆಗಿದ್ದರೂ ಯಾರೋ ಬಣ್ಣ ಬಳಿದರು ಎಂದುಕೊಂಡು ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಕೊಟ್ರಪ್ಪನವರು ಸರ್ವಿಸ್ ಪೂರ್ತಿ ಕೆಂಪು ಬಳಿದವರು. ಅದರ ಅರ್ಥ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಮನೆ ರಿಜೆಕ್ಟ್ ಆಗಿತ್ತು. ಗೇಟಿನಲ್ಲೇ ನಿಂತು ಒಳಗೆ ಕೂಗಿದರು:

"ಲಕ್ಷ್ಮವ್ವಾ, ಯಾರು ಬಂದಿದ್ರು?"

"ನಾ ಹಿತ್ತಲದಾಗ ಅರಿವಿ ಒಗೀತಿದ್ದೆ. ನೋಡಿಲ್ರೀ," ಎಂದಳು ಲಕ್ಷ್ಮವ್ವ.

ನೋಡಿದವರು ಹನುಮಂತಯ್ಯನವರು. "ಆಫೀಸಿನೋರು ಅಂದ್ರು. ಟೇಪು ಹಿಡಿದು ಗೋಡೆಯಿಂದ ರಸ್ತೆವರೆಗೆ ಅಳೆದ್ರು. ಮನೇಲಿ ಎಷ್ಟು ಜನ ಅಂತ ಕೇಳಿದ್ರು. ಆಮೇಲೆ ಒಂದು ಮಾತು ಕೇಳಿದ್ರು ಕಣ್ರೀ..." ಎಂದು ನಿಲ್ಲಿಸಿದರು. "ರಾತ್ರಿ ಎಷ್ಟೊತ್ತಿಗೆ ಮಲಗ್ತೀರಿ ಅಂದ್ರು. ಒಂಬತ್ತೂವರೆಗೆಲ್ಲಾ ಮಲಗಿಬಿಡ್ತೀವಪ್ಪಾ, ಸಂಸಾರಸ್ಥರು ಅಂದೆ. ಅದಕ್ಕೆ ಆ ಹುಡುಗ ನಕ್ಕು, 'ಇನ್ಮೇಲೆ ಎದ್ದಿರಬೇಕಾಗುತ್ತೆ ಸಾರ್' ಅಂದ!"

ಇನ್ನೇನು ಸಾಕ್ಷಿ ಬೇಕು? ಅವತ್ತೇ ಹನುಮಂತಯ್ಯನವರ ಜಗುಲಿಯಲ್ಲಿ ಬೀದಿಯೆಲ್ಲ ಸೇರಿತು. ಕೊಟ್ರಪ್ಪನವರು ಬಣ್ಣದ ಶಾಸ್ತ್ರವನ್ನು ವಿವರಿಸಿದರು. ಹಸಿರೆಂದರೆ ಉಳಿಯುವ ಮನೆ, ಕೆಂಪೆಂದರೆ ಬೇಲಿಯೊಳಗೆ ಹೋಗುವ ಮನೆ. ಪಟ್ಟಣದ ಬಾರು, ಬ್ಯಾಂಡು, ಡ್ಯಾನ್ಸು ಎಲ್ಲ ಲಾರಿಯಲ್ಲಿ ಬಂದು ಈ ಸಾಲಿನಲ್ಲಿ ಇಳಿಯುತ್ತವೆ. ಯಾರೋ, "ನಮ್ಮನ್ನ ಎಬ್ಬಿಸ್ತಾರಾ, ಇಲ್ಲಾ ನಾವೂ ಜೊತೆಗೇ ಇರಬೇಕಾ?" ಎಂದು ಕೇಳಿದರು. ಬಣ್ಣದ ಶಾಸ್ತ್ರದಲ್ಲಿ ಅದರ ಬಗ್ಗೆ ಏನೂ ಹೇಳಿರಲಿಲ್ಲ. ಅದರಿಂದ ಎಲ್ಲರಿಗೂ ಇನ್ನಷ್ಟು ಭಯವಾಯಿತು.

ಬೀದಿ ಎಂದಾದರೂ ಅಷ್ಟು ಭಕ್ತಿಯಿಂದ ಬದುಕಿದ್ದರೆ ಅದು ಆ ವಾರ. ಹಿತ್ತಲಿನ ತುಳಸಿ ಕುಂಡಗಳೆಲ್ಲ ಗೇಟಿನ ಮುಂದೆ ಬಂದವು. ಗಂಡಸರ ಹಣೆಯ ವಿಭೂತಿ ಎರಡು ಪಟ್ಟು ದಪ್ಪವಾಯಿತು. ಇದು ಎಂಥ ಬೀದಿ ಎಂಬುದು ಬಂದವರಿಗೆ ದೂರದಿಂದಲೇ ಕಾಣಬೇಕಿತ್ತು. ಪಾತ್ರೆ ಮಾರುವವನು ಬಂದರೂ ಕಿಟಕಿಗಳು ಮುಚ್ಚುತ್ತಿದ್ದವು. ಅವನ ತಲೆಯ ಮೇಲಿನ ಸ್ಟೀಲು ಲೋಟಗಳು ಬಾರಿಗೇ ಬಂದವೆಂದು ಒಬ್ಬಾಕೆ ಕಣ್ಣಾರೆ ಕಂಡಂತೆ ಹೇಳಿದಳು.

ಗುರುವಾರ ಒಂದು ಆಟೋ ಬಂದು ನಿಂತಿತು. ಅದರಿಂದ ಹಾರ್ಮೋನಿಯಂ ಇಳಿಯಿತು, ತಬಲ ಇಳಿಯಿತು, ಜರಿ ಶಲ್ಯ ಹೊದ್ದ ಇಬ್ಬರು ಇಳಿದರು. ಕೊಟ್ರಪ್ಪನವರು ಅಂಗಳದಲ್ಲಿದ್ದರು. ಕಾರ್ಯದರ್ಶಿಯಲ್ಲವೆ, ಓಡಿಹೋಗಿ ಆಟೋಗೆ ಅಡ್ಡ ನಿಂತರು.

"ಬ್ಯಾಂಡಿನೋರೇನ್ರಿ?"

"ಬ್ಯಾಂಡ್ ಅಂತಲೂ ಕರೀತಾರೆ ಸ್ವಾಮಿ. ಎಲ್ಲಿ ಕೂತ್ಕೋಬೇಕು?"

"ಎಲ್ಲೂ ಕುಂದ್ರಬ್ಯಾಡ್ರಿ! ಇನ್ನೂ ಆರ್ಡರ್ ಬಂದಿಲ್ಲ! ಹೆಂಡ್ರು ಮಕ್ಳು ಇರೋ ಮನಿ ಇವು, ನಿಮ್ಮ ಕಾಲು ಹಿಡ್ಕೊಂತೀನಿ, ಹೋಗ್ರಿ!" ಎಂದು ಕೊಟ್ರಪ್ಪನವರು ನಿಜವಾಗಿಯೂ ಬಗ್ಗಿದರು. ಆ ಇಬ್ಬರು ಗಾಬರಿಯಾಗಿ ಹಾರ್ಮೋನಿಯಂ ಸಮೇತ ಆಟೋ ಹತ್ತಿ ಹೋಗಿಬಿಟ್ಟರು. ಬೀದಿಯ ಮರ್ಯಾದೆ ತೋರಿಸಲೆಂದು ಹನುಮಂತಯ್ಯನವರು ಯಶವಂತಪುರದಿಂದ ಭಜನೆ ಮೇಳವನ್ನು ಕರೆಸಿದ್ದರೆಂಬುದು ಆಮೇಲೆ ಗೊತ್ತಾಯಿತು. ಮುಂಗಡ ವಾಪಸ್ಸು ಬರಲಿಲ್ಲ. ಹನುಮಂತಯ್ಯನವರು ಅವತ್ತಿನಿಂದ ಮಾತು ಬಿಟ್ಟರು.

ಅದೇ ಸಂಜೆ ಚಿಕ್ಕಬೈರಪ್ಪ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಬಾಯಲ್ಲಿ ಎಲೆ ಅಡಿಕೆ. ಬಂದವನೇ ಕೊಟ್ರಪ್ಪನವರ ಗೋಡೆಯ ಕೆಂಪನ್ನು ಅಂಗೈಯಿಂದ ಸವರಿದ.

"ಏನ್ ಕೊಟ್ರಪ್ನೋರೆ, ಬಾರ್‌ಗೆ ಬಾಡ್ಗೆ ಜಾಸ್ತಿ ಬತ್ತದಂತಲ್ಲಾ? ನಿಮ್ಗೆಲ್ಲಾ ಕೆಂಪು ಒಡುದ್ರು, ನಂಗ್ಯಾಕೆ ಅಸಿರು ಒಡುದ್ರು? ಈ ಒಲ ಯಾರ್ದು? ನಮ್ಮಪ್ಪಂದು! ಇಂಗಾದ್ರೆ ಎಂಗೆ?"

"ನನ್ನ ಕೈಯಾಗೇನೈತಿ ಬೈರಪ್ನೋರೆ," ಎಂದರು ಕೊಟ್ರಪ್ಪನವರು ಸಣ್ಣ ಧ್ವನಿಯಲ್ಲಿ.

"ನಿಮ್ಗೆ ಈ ಬಾರು ಗೀರು ಒಗ್ಗಕ್ಕಿಲ್ಲ. ಮನೆ ನಂಗೆ ಕೊಟ್ಬುಡಿ. ಕಟ್ಟಿದ್ ಕಾಸ್‌ಗೆ ಅರ್ದ ಕೊಡ್ತೀನಿ. ಕೆಂಪು ಬಿದ್ ಮೇಲೆ ಬ್ಯಾರೆ ಯಾವನ್ ತಗತಾನೆ? ಭಾನುವಾರ ಒಳ್ಳೆ ದಿನ, ಅಗ್ರಿಮೆಂಟ್ ಮಾಡ್ಕಂಬುಡಾನ."

ಕೊಟ್ರಪ್ಪನವರಿಗೆ ಹೂಂ ಎನ್ನಲು ಮನಸ್ಸಿಲ್ಲ, ಊಹೂಂ ಎನ್ನಲು ಧೈರ್ಯವಿಲ್ಲ. ತಲೆ ಒಂದು ಥರ ಅಲ್ಲಾಡಿತು. ಚಿಕ್ಕಬೈರಪ್ಪ ಅದನ್ನು ಹೂಂ ಎಂದೇ ತೆಗೆದುಕೊಂಡು ಹೋದ.

ಬಾಗಿಲ ಹಿಂದೆ ಲಕ್ಷ್ಮವ್ವ ನಿಂತಿದ್ದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಕೊಟ್ರಪ್ಪನವರಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಈ ಮನಿಗೆ ನನ್ನ ಬಂಗಾರದ ಬಳಿ ಮಾರಿ ರೊಕ್ಕ ಹಾಕೀನಿ," ಎಂದಳು. "ಈ ಗ್ವಾಡಿಗೆ ನೀರು ಹೊತ್ತು ನನ್ನ ಸೊಂಟ ಹೋಗೈತಿ. ಮಾರೋದಾದ್ರ ಮಾರ್ರಿ. ನಾ ಕೊಟ್ಟೂರಿಗೆ ಹೋಕ್ಕೀನಿ. ನೀವು ಆ ಬಾರಿನಾಗ ಇನ್ಸ್‌ಪೆಕ್ಷನ್ ಮಾಡ್ಕೊಂಡು ಇರ್ರಿ."

ಹೇಳಿ ಹೋಗಿ ಟ್ರಂಕು ಕೆಳಗಿಳಿಸಿದಳು. ಟ್ರಂಕಿನ ಮುಚ್ಚಳ ಕಿರ್ರೆಂದಿತು. ಮನೆ ಹೋದರೆ ಬಾಡಿಗೆ ಮನೆ ಸಿಗುತ್ತದೆ. ಲಕ್ಷ್ಮವ್ವ ಹೋದರೆ? ಆ ಯೋಚನೆಗೆ ಅವರ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ಅವರಿಗೊಂದು ಉಪಾಯ ಹೊಳೆಯಿತು. ಹೆದರಿದ ತಲೆಗೆ ಹೊಳೆದ ಉಪಾಯವೆಂಬುದನ್ನು ಓದುಗರು ಮರೆಯಬಾರದು.

ಕೆಂಪಿನ ಮೇಲೆ ಹಸಿರು ಬಳಿದುಬಿಟ್ಟರೆ?

ಕಾರ್ಖಾನೆಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕೆಂಪು ಬಿದ್ದ ಮಾಲಿಗೆ ಹಸಿರು ಬಳಿದವನನ್ನು ಅವರು ಮೇಲಿನವರಿಗೆ ಹೇಳಿ ಮನೆಗೆ ಕಳಿಸಿದ್ದುಂಟು. ಕಾರ್ಖಾನೆಯಿಂದ ಕೈ ಒರೆಸುವ ಬಟ್ಟೆಯನ್ನೂ ಹೊರಗೆ ತಂದವರಲ್ಲ. ಅಂಥ ಕೊಟ್ರಪ್ಪನವರು ಶುಕ್ರವಾರ ಪಾಳಿ ಮುಗಿಯುವ ಹೊತ್ತಿಗೆ ತಮ್ಮ ಊಟದ ಕ್ಯಾರಿಯರ್ ತೊಳೆದು, ನಡುವಿನ ಡಬ್ಬಿಗೆ ಹಸಿರು ಬಣ್ಣ ಸುರಿದುಕೊಂಡರು. ಹಸಿರಿದ್ದ ಕಡೆ ಕೆಂಪೂ ಇರಬೇಕು ಎಂಬುದು ಇಲಾಖೆಯ ನಿಯಮ. ಅಭ್ಯಾಸ ಬಿಡಲಾರದೆ ಕೆಳಗಿನ ಡಬ್ಬಿಗೆ ಕೆಂಪನ್ನೂ ಸುರಿದುಕೊಂಡರು.

ಗೇಟಿನಲ್ಲಿ ಕಾವಲುಗಾರ ಯಂಕಪ್ಪ. ಅವನೂ ಅವರ ಸೀಮೆಯವನೇ.

"ಕ್ಯಾರಿಯರ್ ಬಿಚ್ಚರಿ ಸಾಹೇಬ್ರ. ಇವತ್ತು ಎಲ್ಲಾರ್ದೂ ನೋಡ್ರಿ ಅಂದಾರ."

ಮೇಲಿನ ಡಬ್ಬಿಯಲ್ಲಿ ಅರ್ಧ ರೊಟ್ಟಿ. ಯಂಕಪ್ಪ ಎರಡನೆಯದನ್ನು ಎತ್ತಿದ. "ಮೆಂತ್ಯ ಪಲ್ಯ," ಎಂದರು ಕೊಟ್ರಪ್ಪನವರು. ಧ್ವನಿ ಎಲ್ಲಿಂದಲೋ ಬಂದಂತಿತ್ತು. ಕಾವಲುಗಾರನ ಗೂಡಿನ ಮಬ್ಬು ಬೆಳಕಿನಲ್ಲಿ ಅದು ಮೆಂತ್ಯ ಪಲ್ಯದ ಹಾಗೆಯೇ ಇತ್ತು. ಯಂಕಪ್ಪ ಮೂರನೆಯದನ್ನು ಎತ್ತಿದ. ಅವನ ಮುಖ ಅರಳಿತು.

"ರಂಜಕ! ಕೆಂಪು ಮೆಣಸಿನಕಾಯಿ ರಂಜಕ ಅಲ್ಲೇನ್ರಿ! ಈ ಊರಾಗ ಇದನ್ನ ಕಂಡು ಎಷ್ಟು ದಿನಾ ಆತು! ಒಂದೀಟು ನೆಕ್ಕಲೇನ್ರಿ?" ಎನ್ನುತ್ತಾ ಬೆರಳು ಇಳಿಸಹೋದ.

"ಬ್ಯಾಡೋ ಯಂಕಪ್ಪಾ!" ಎಂದು ಕೊಟ್ರಪ್ಪನವರು ಚೀರಿದರು. ಬೆರಳು ಬಣ್ಣಕ್ಕೆ ನೂಲಿನಷ್ಟು ದೂರದಲ್ಲಿ ನಿಂತಿತು. "ಅದು... ಅದು ಔಷಧಿ. ಮೂಲವ್ಯಾಧಿಗೆ ಹಚ್ಚೋದು. ಉಳಿದಿದ್ದು ಮನಿಗೆ ಒಯ್ಯಾಕತ್ತೀನಿ."

ಯಂಕಪ್ಪ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಡಬ್ಬಿಯನ್ನೊಮ್ಮೆ, ಕೊಟ್ರಪ್ಪನವರನ್ನೊಮ್ಮೆ ನೋಡಿದ. "ಊಟದ ಡಬ್ಬಿಯಾಗ ಯಾಕ ಇಟ್ಕೊಂಡೀರಿ ಸಾಹೇಬ್ರ," ಎಂದು ಬಹಳ ಬೇಜಾರಿನಿಂದ ಹೇಳಿ ಬಿಟ್ಟುಕೊಟ್ಟ. ಆ ಕ್ಯಾರಿಯರ್ ಲಕ್ಷ್ಮವ್ವನ ತವರಿನಿಂದ ಬಂದದ್ದು. ಅದರ ಗತಿಯನ್ನು ನೆನೆಯುವಷ್ಟು ಧೈರ್ಯ ಅವತ್ತು ಕೊಟ್ರಪ್ಪನವರಿಗಿರಲಿಲ್ಲ.

ಶನಿವಾರ ಬೆಳಗಾಗುವ ಹೊತ್ತಿಗೆ ಗೋಡೆ ಹಸಿರಾಗಿತ್ತು. ಅಂಚು ನೀಟು, ಮೂಲೆ ನೀಟು, ಕೆಂಪಿನ ಸುಳಿವಿಲ್ಲ. ಬಳಿದು ಮುಗಿದ ಮೇಲೆ ಅವರ ಕೈ ಸರ್ವಿಸಿನ ಅಭ್ಯಾಸದಂತೆ ಇನ್ನೂ ಒಂದು ಕೆಲಸ ಮಾಡಿತು. ಬ್ರಷ್ಷಿನ ತುದಿಯಿಂದ ಕೆಳಗೆ ತಮ್ಮ ಪುಟ್ಟ ಸಹಿ ಹಾಕಿತು.

ಹಲ್ಲುಜ್ಜುತ್ತಾ ಹೊರಗೆ ಬಂದ ಹನುಮಂತಯ್ಯನವರು ಅದನ್ನು ನೋಡಿದರು. ಕೂಡಲೇ ಮಾತು ಬಿಟ್ಟಿದ್ದನ್ನು ಮರೆತರು. "ಕೊಟ್ರಪ್ನೋರೆ, ನಂದಕ್ಕೂ ಒಂದು ಎಳೆದುಬಿಡಿ ನಿಮ್ಮ ಧರ್ಮ," ಎಂದರು. ಆಮೇಲೆ ಅವರಾಚೆಯವರು ಬಂದರು. ಬೇಡವೆನ್ನಲು ಕೊಟ್ರಪ್ಪನವರಿಗೆ ಬಾಯಿ ಬರಲಿಲ್ಲ. ಕಾಫಿ ಹೊತ್ತಿಗೆ ಸಾಲಿಗೆ ಸಾಲೇ ಹಸಿರು, ಪ್ರತಿ ಹಸಿರಿನ ಕೆಳಗೂ ಸಹಿ. ಒಬ್ಬಾಕೆ ಆರತಿ ತಟ್ಟೆ ತಂದು ಬಣ್ಣ ಬಳಿದ ಕೈಗೆ ಕುಂಕುಮ ಹಚ್ಚಲು ಬಂದಳು. ಕೆಂಪು ನೋಡಿ ಅವರು ಹಿಂದೆ ಸರಿದರು.

ಕೊನೆಗೆ ಬಂದವನು ಚಿಕ್ಕಬೈರಪ್ಪ. ಹಸಿರು ಬಿದ್ದ ಮನೆ ಅವನಿಗೆ ಬೇಡವಾಗಿತ್ತು. "ಅಗ್ರಿಮೆಂಟ್ ಕ್ಯಾನ್ಸಲ್ಲು," ಎಂದ. "ಆದ್ರೆ ನಂಗೊಂದು ಕೆಂಪು ಎಳುದ್ಬುಡಿ. ನಿಮ್ ಸಯ್ಯಿ ಸಮೇತ."

"ಅದು ತಪ್ಪಾಕ್ಕೈತ್ರಿ..."

"ಅಂಗಾದ್ರೆ ನಾಳಿಂದ ನನ್ ಮೋಟ್ರೂ ಕೆಟ್ಟೋಯ್ತದೆ. ನೀರಿಗೆ ಎಲ್ಲೋಯ್ತೀರೋ ನೋಡ್ಕಳಿ."

ಕೊಟ್ರಪ್ಪನವರು ಕೆಳಗಿನ ಡಬ್ಬಿ ತೆರೆದರು. ಅಲ್ಲದೆ ಒಳಗೊಂದು ಲೆಕ್ಕಾಚಾರವೂ ಇತ್ತು: ರಾಶಿಯಲ್ಲಿ ಒಂದಾದರೂ ರಿಜೆಕ್ಟ್ ಇಲ್ಲದಿದ್ದರೆ ಮೇಲಿನವರಿಗೆ ಅನುಮಾನ ಬರುತ್ತದೆ. ಚಿಕ್ಕಬೈರಪ್ಪನ ಗೋಡೆಗೆ ಕೆಂಪು ಬಿತ್ತು. ಅವನು ಆ ದಿನವೇ ಕೆಳಗಿನ ಅಂತಸ್ತಿಗೆ ಸುಣ್ಣ ಹೊಡೆಸಿ, ಬಾರಿನವರು ಬಂದರೆ ತೋರಿಸಲೆಂದು ಹೊಸ ಟ್ಯೂಬ್‌ಲೈಟು ಹಾಕಿಸಿದ. ಅವನ ಹೆಂಡತಿ ಚಿಕ್ಕಮುನಿಯಮ್ಮ ಪೊರಕೆ ಹಿಡಿದು ಬಾಗಿಲಲ್ಲಿ ಕೂತು, "ಯಾವ್ಳಾನಾ ಕುಣ್ಯಕ್ಕೆ ಬರ್ಲಿ, ನೋಡ್ಕತೀನಿ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಲಕ್ಷ್ಮವ್ವ ಟ್ರಂಕನ್ನು ಮತ್ತೆ ಮೇಲಕ್ಕೆ ಇಟ್ಟಳು. ಕೊಟ್ರಪ್ಪನವರು ಆ ರಾತ್ರಿ ಎರಡು ರೊಟ್ಟಿ ತಿಂದು ಮಗುವಿನಂತೆ ನಿದ್ದೆ ಮಾಡಿದರು.

ಭಾನುವಾರ ಬೆಳಿಗ್ಗೆ ಬೀದಿಗೆ ಟ್ರ್ಯಾಕ್ಟರು ನುಗ್ಗಿತು. ಹಿಂದೆ ಹಾರೆ, ಗುದ್ದಲಿ ಹಿಡಿದ ಆಳುಗಳು. ಅವರ ಹಿಂದೆ ಒಂದು ಜೀಪು. ಬಾಗಿಲುಗಳು ದಡದಡ ಮುಚ್ಚಿಕೊಂಡವು. ಕೊಟ್ರಪ್ಪನವರು ಕಿಟಕಿಯ ಸಂದಿಯಿಂದ ನೋಡಿದರು. ಟ್ರ್ಯಾಕ್ಟರಿನಲ್ಲಿ ಉದ್ದುದ್ದ ಕಬ್ಬಿಣದ ಕೊಳವೆಗಳು. "ಸ್ಟೇಜಿಗೆ ಕಂಬ," ಎಂದು ಪಿಸುಗುಟ್ಟಿದರು. ಆಳುಗಳು ಹಸಿರು ಗೋಡೆಗಳನ್ನು ದಾಟಿಕೊಂಡು ನೇರ ಚಿಕ್ಕಬೈರಪ್ಪನ ಮನೆ ಮುಂದೆ ಅಗೆಯತೊಡಗಿದರು. ಜೀಪಿನ ಬಾಗಿಲು ತೆರೆದು ಚೂಡಿದಾರ ತೊಟ್ಟ ಒಬ್ಬ ಯುವತಿ ಇಳಿದಳು.

ಗೋಡೆಯಾಚೆಯಿಂದ ಹನುಮಂತಯ್ಯನವರ ನಡುಗುವ ಧ್ವನಿ ಬಂತು: "ಬಂದ್ರು ಕಣ್ರೀ... ಒಬ್ರು ಆಗ್ಲೇ ಬಂದ್ಬಿಟ್ರು! ಹೋಗಿ ಮಾತಾಡಿ, ನೀವು ಕಾರ್ಯದರ್ಶಿ!"

ಹೋಗದೆ ವಿಧಿಯಿರಲಿಲ್ಲ. ಆ ಯುವತಿಯನ್ನು ಹತ್ತಿರದಿಂದ ನೋಡಿದಾಗ ಕೊಟ್ರಪ್ಪನವರಿಗೆ ಭಯದ ನಡುವೆಯೂ ಕನಿಕರ ಬಂತು. ಮನೆಮಗಳ ಹಾಗಿದ್ದಳು. ಕೈ ಮುಗಿದು ಹೇಳಿದರು:

"ತಂಗೀ, ನೀ ಯಾರ ಮಗಳೋ ಏನೋ. ಈ ಕೆಲಸ ಬಿಟ್ಟುಬಿಡವ್ವಾ."

ಆಕೆ ತಬ್ಬಿಬ್ಬಾದಳು. "ಯಾಕೆ ಸಾರ್? ಪರ್ಮನೆಂಟ್ ಆಗಿದೆ."

"ಪರ್ಮನೆಂಟ್ ಬ್ಯಾರೆ ಮಾಡ್ತಾರಾ? ನಿಮ್ಮಪ್ಪಗ ಗೊತ್ತೈತೇನು?"

"ನಮ್ಮಪ್ಪಾನೇ ಸೇರ್ಸಿದ್ದು ಸಾರ್. ಅವರೂ ಇದೇ ಡಿಪಾರ್ಟ್‌ಮೆಂಟಲ್ಲಿ ಇದ್ದೋರು."

ಕೊಟ್ರಪ್ಪನವರು ಶಿವ ಶಿವಾ ಎಂದು ಕಿವಿ ಮುಚ್ಚಿಕೊಂಡರು. ಅಷ್ಟರಲ್ಲಿ ಲಕ್ಷ್ಮವ್ವ ಅವರನ್ನು ಸರಿಸಿ ಮುಂದೆ ಬಂದಳು. ಆಕೆಯ ಕಣ್ಣು ಟ್ರ್ಯಾಕ್ಟರಿನ ಮೇಲಿತ್ತು.

"ಮೇಡಂ, ಇವು ನೀರಿನ ಪೈಪ ಅಲ್ಲೇನ್ರಿ?"

"ಹೌದಮ್ಮಾ. ನಾನು ಶೈಲಜಾ ಅಂತ, ನೀರಿನ ಕೆಲಸದ ಇಂಜಿನಿಯರು. ಮನೆಗಳಿಗೆ ನಲ್ಲಿ ಹಾಕ್ತಾ ಇದೀವಿ. ಕೂಲಿಯೋರಿಗೆ ಗೊತ್ತಾಗ್ಲಿ ಅಂತ ನೀರಿಲ್ಲದ ಮನೆಗೆ ಕೆಂಪು, ಸ್ವಂತ ಬೋರ್ ಇದ್ದು ನಲ್ಲಿ ಬೇಡದ ಮನೆಗೆ ಹಸಿರು ಬಳಿಸಿದ್ವಿ. ನಿನ್ನೆ ಬೆಳಿಗ್ಗೆ ಬಂದು ನೋಡಿದ್ರೆ ಇಡೀ ಸಾಲು ಹಸಿರು! ಅಂಗಡಿಯೋರನ್ನ ಕೇಳಿದ್ರೆ, ಸಂಘದ ಕಾರ್ಯದರ್ಶಿಯವರೇ ನಿಂತು ಬಳಿದು ಸಹಿ ಹಾಕಿದಾರೆ ಅಂದ್ರು. ಇಷ್ಟು ಅಚ್ಚುಕಟ್ಟಾಗಿ ನೀರು ಬೇಡ ಅಂದ ಬೀದಿ ನಾನು ನೋಡೇ ಇಲ್ಲ. ನಿಮ್ಮ ಪೈಪುಗಳನ್ನೆಲ್ಲಾ ಪಕ್ಕದ ಬಡಾವಣೆಗೆ ಕೊಟ್ಬಿಟ್ವಿ, ಅಲ್ಲಿ ಆಗ್ಲೇ ಹೂತಾಯ್ತು."

ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು.

"ರಾತ್ರಿ ಎದ್ದಿರಬೇಕು ಅಂದಿದ್ದು?" ಎಂದು ಹನುಮಂತಯ್ಯನವರು ಕ್ಷೀಣವಾಗಿ ಕೇಳಿದರು.

"ನೀರು ಬಿಡೋದು ರಾತ್ರಿ ಹನ್ನೊಂದರ ಮೇಲೆ ಸಾರ್."

ಕೊಟ್ರಪ್ಪನವರು ಮೆಲ್ಲಗೆ ಕೇಳಿದರು: "ಮತ್ತ... ಆ ಬಾರು, ಡ್ಯಾನ್ಸು ಎಲ್ಲಾ ಒಂದ ಕಡೆ ಹಾಕೋ ವಿಚಾರ?"

"ಅದಾ?" ಎಂದು ಶೈಲಜಾ ನಕ್ಕಳು. "ನಮ್ಮ ಆಫೀಸಲ್ಲೆಲ್ಲಾ ಅದೇ ಜೋಕು. ಎಲ್ಲಾ ಏರಿಯಾದಲ್ಲೂ ಸಭೆ ಮಾಡಿದ್ರಂತೆ. ಎಲ್ಲಾರೂ ಒಂದೇ ಕಡೆ ಹಾಕಿ ಅಂದ್ರಂತೆ. ಎಲ್ಲಿ ಅಂದ್ರೆ ಎಲ್ಲಾರೂ ಪಕ್ಕದ ಏರಿಯಾ ಕಡೆ ಕೈ ತೋರ್ಸಿದ್ರಂತೆ. ಸ್ವಂತ ಬೀದಿ ಕಡೆ ಕೈ ತೋರಿಸಿದ ಪುಣ್ಯಾತ್ಮ ಒಬ್ಬನೇ ಅಂತೆ. ಆದ್ರೆ ಅಷ್ಟೊತ್ತಿಗೆ ಯೋಜನೆನೇ ಬಿಟ್ಬಿಟ್ರು."

ಚಿಕ್ಕಬೈರಪ್ಪನ ಮನೆಗೆ ನಲ್ಲಿ ಬಂತು. ಬೋರ್‌ವೆಲ್ ಜೊತೆಗೆ ಈಗ ಅವನಿಗೆ ನಲ್ಲಿಯೂ ಆಯಿತು. ಅವನಿಗೆ ಅದರಿಂದ ಸ್ವಲ್ಪವೂ ಸಂತೋಷವಾದಂತೆ ಕಾಣಲಿಲ್ಲ. "ನೀರ್ ಬಂದ್ಬುಡ್ತು, ಬಾರೆಲ್ಲಿ?" ಎಂದು ಎಲ್ಲರನ್ನೂ ಕೇಳುತ್ತಾ ಓಡಾಡಿದ. ಚಿಕ್ಕಮುನಿಯಮ್ಮ ಪೊರಕೆಯ ಇನ್ನೊಂದು ತುದಿಯಿಂದ ಉತ್ತರ ಕೊಟ್ಟಳೆಂದು ಸುದ್ದಿ.

ಕೊಟ್ರಪ್ಪನವರು ಮನೆಯೊಳಗೆ ಬಂದರು. ಮನೆ ಉಳಿದಿತ್ತು, ಬಾರು ಬರಲಿಲ್ಲ, ಲಕ್ಷ್ಮವ್ವ ಊರಿಗೆ ಹೋಗಲಿಲ್ಲ. ಲೆಕ್ಕದಂತೆ ಸಂತೋಷಪಡಬೇಕಿತ್ತು. ಆದರೆ ಅಡುಗೆಮನೆಯಲ್ಲಿ ಲಕ್ಷ್ಮವ್ವ ತವರಿನ ಕ್ಯಾರಿಯರನ್ನು ಬಿಚ್ಚಿ ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಡಬ್ಬಿ ಹಸಿರು, ಒಂದು ಡಬ್ಬಿ ಕೆಂಪು. ಇಷ್ಟು ದಿನ ಬಾರಿಗೆ, ಬ್ಯಾಂಡಿಗೆ, ಕಾವಲುಗಾರನಿಗೆ ಪಟ್ಟ ಭಯವೆಲ್ಲ ಈ ಭಯಕ್ಕೆ ಬರಿಯ ತಾಲೀಮೆಂಬುದು ಕೊಟ್ರಪ್ಪನವರಿಗೆ ಆಗ ತಿಳಿಯಿತು.

"ಲಕ್ಷ್ಮವ್ವಾ," ಎಂದರು. "ತಪ್ಪಾತು. ಈಗ ನಾ ಏನ್ ಮಾಡ್ಲಿ ಹೇಳು."

ಲಕ್ಷ್ಮವ್ವ ಮೂಲೆಯಲ್ಲಿದ್ದ ದೊಡ್ಡ ಕೊಡವನ್ನು ಅವರ ಮುಂದೆ ತಂದು ಕುಕ್ಕಿದಳು.

"ಕೆಟ್ಟ ಮಾಲು ಚಲೋ ಮಾಲಿನ ಜೋಡಿ ಇಡಬಾರದಂತ ಮೈಕಿನ್ಯಾಗ ನೀವ ಹೇಳಿದ್ರಲ್ಲ," ಎಂದಳು.

"ಹಂಗಾರ ನಾ ಎಲ್ಲಿಗೆ ಹೋಗ್ಲಿ?"

ಲಕ್ಷ್ಮವ್ವ ಬಲಗೈಯನ್ನು ಉದ್ದಕ್ಕೆ ಚಾಚಿ ಬಾಗಿಲಿನಾಚೆಗೆ ತೋರಿಸಿದಳು. "ಹಿಂಗ. ಹೊರಗ."

ಆ ಕೈ ಹೋದ ದಿಕ್ಕಿನಲ್ಲಿ ಹಸಿರು ಗೋಡೆಗಳ ಸಾಲು, ಪ್ರತಿ ಗೋಡೆಯಲ್ಲೂ ಪುಟ್ಟ ಸಹಿ, ಸಾಲಿನ ತುದಿಯಲ್ಲಿ ಚಿಕ್ಕಬೈರಪ್ಪನ ಬೋರ್‌ವೆಲ್. ಅಲ್ಲಿ ಆಗಲೇ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತು, ಇವರ ಗೇಟನ್ನೇ ನೋಡುತ್ತಿದ್ದರು. ಕೊಟ್ರಪ್ಪನವರು ಕೊಡ ಎತ್ತಿಕೊಂಡು ಹೋಗಿ ಎಲ್ಲರಿಗಿಂತ ಹಿಂದೆ ನಿಂತರು.